ಹೊಸ ಚಿಕಿತ್ಸೆಗೆ ಸರ್ಕಾರಿ ಯೋಜನೆಯ ಹಣ: ವೆಚ್ಚ-ಪರಿಣಾಮಕಾರಿತ್ವದ ವರದಿಯನ್ನು ಓದಿ ತೀರ್ಮಾನಕ್ಕೆ ಬರುವ ಕ್ರಮ

ಒಂದು ಹೊಸ ಔಷಧವನ್ನೋ, ಪರೀಕ್ಷಾ ಯಂತ್ರವನ್ನೋ, ಶಸ್ತ್ರಚಿಕಿತ್ಸೆಯನ್ನೋ ಸರ್ಕಾರಿ ಆರೋಗ್ಯ ಯೋಜನೆಯ ಪಟ್ಟಿಗೆ ಸೇರಿಸಬೇಕೇ ಎಂಬ ಕಡತ ಮೇಜಿಗೆ ಬಂದಾಗ ಅದರೊಳಗೆ ಸಾಮಾನ್ಯವಾಗಿ ಮೂರು ಬಗೆಯ ಕಾಗದಗಳಿರುತ್ತವೆ: ತಯಾರಕ ಕಂಪನಿಯ ಮನವಿ, ತಜ್ಞ ವೈದ್ಯರ ಶಿಫಾರಸು ಮತ್ತು ಈಚಿನ ವರ್ಷಗಳಲ್ಲಿ ವೆಚ್ಚ-ಪರಿಣಾಮಕಾರಿತ್ವದ ಅಧ್ಯಯನ ವರದಿ. ಮೊದಲ ಎರಡನ್ನು ಓದುವುದು ಎಲ್ಲರಿಗೂ ರೂಢಿಯಾಗಿದೆ. ಮೂರನೆಯದನ್ನು ಮಾತ್ರ ಹೆಚ್ಚಿನವರು ನೇರವಾಗಿ ಕೊನೆಯ ಪುಟಕ್ಕೆ ತಿರುಗಿಸಿ, ಅಲ್ಲಿರುವ ಒಂದೇ ಒಂದು ಅಂಕಿಯನ್ನು ನೋಡಿ, ‘ಮಿತಿಯೊಳಗಿದೆ’ ಅಥವಾ ‘ಮಿತಿ ಮೀರಿದೆ’ ಎಂದು ಷರಾ ಬರೆದು ಮುಂದಕ್ಕೆ ಕಳಿಸುತ್ತಾರೆ. ಇಂತಹ ವರದಿಗಳನ್ನು ಓದುವ ಕೆಲಸದಲ್ಲಿ ವರ್ಷಗಳನ್ನು ಕಳೆದ ನನಗೆ ಆ ಷರಾ ಪ್ರತಿ ಸಲವೂ ಸಂಕಟ ತರುತ್ತದೆ. ಆ ಅಂಕಿಯಿಂದ ಬೆಲೆಯ ಮಾತುಕತೆ ಶುರುವಾಗಬೇಕು, ಯಾವ ರೋಗಿಗೆ ಮೊದಲು ಕೊಡಬೇಕು ಎಂಬ ವಿಚಾರ ಶುರುವಾಗಬೇಕು. ಬದಲಿಗೆ ಎಲ್ಲವೂ ಅಲ್ಲಿಗೇ ಮುಗಿದುಹೋಗುತ್ತದೆ.

ಸಮಿತಿಗಳ ಸದಸ್ಯರು, ಆರೋಗ್ಯ ಇಲಾಖೆಯ ಅಧಿಕಾರಿಗಳು, ಆಸ್ಪತ್ರೆಗಳ ವೈದ್ಯರು, ರೋಗಿಗಳ ಸಂಘಟನೆಗಳವರು ಮತ್ತು ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳು ಇಂತಹ ವರದಿಯನ್ನು ಕೈಗೆತ್ತಿಕೊಂಡಾಗ ಯಾವ ಕ್ರಮದಲ್ಲಿ ಓದಬೇಕು, ಎಲ್ಲಿ ನಿಲ್ಲಬೇಕು, ಏನು ಕೇಳಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ‘ನೈಸ್’ ಎಂಬ ಸಂಸ್ಥೆ 1999ರಿಂದಲೂ, ಥಾಯ್ಲೆಂಡಿನಲ್ಲಿ ‘ಹೈಟ್ಯಾಪ್’ 2007ರಿಂದಲೂ ಇಂತಹ ಅಧ್ಯಯನಗಳ ಆಧಾರದ ಮೇಲೆ ಹೊಸ ಚಿಕಿತ್ಸೆಗಳನ್ನು ತೂಗುವ ಕೆಲಸ ಮಾಡುತ್ತಿವೆ. ನಮ್ಮಲ್ಲಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ ಇದಕ್ಕೆಂದೇ ‘ಎಚ್‌ಟಿಎ ಇಂಡಿಯಾ’ ವ್ಯವಸ್ಥೆ ಇದೆ. ಹೆಚ್ಚಿನ ಉದಾಹರಣೆಗಳನ್ನು ಈ ಮೂರೂ ದೇಶಗಳಿಂದ ತೆಗೆದುಕೊಂಡಿದ್ದೇನೆ.

ಮೊದಲ ಹೆಜ್ಜೆ: ‘ಯಾವುದಕ್ಕೆ ಹೋಲಿಸಿ?’ ಎಂದು ಕೇಳಿ

ವೆಚ್ಚ-ಪರಿಣಾಮಕಾರಿತ್ವ ಎಂಬ ಪದ ಭಾರವಾಗಿದ್ದರೂ ಅರ್ಥ ಸರಳ: ಈಗ ಕೊಡುತ್ತಿರುವ ಚಿಕಿತ್ಸೆಗಿಂತ ಹೆಚ್ಚಾಗಿ ಖರ್ಚು ಮಾಡುವ ಹಣಕ್ಕೆ ಪ್ರತಿಯಾಗಿ ಎಷ್ಟು ಹೆಚ್ಚು ಆರೋಗ್ಯ ದೊರೆಯುತ್ತದೆ ಎಂಬ ಲೆಕ್ಕ. ಹೆಚ್ಚುವರಿ ವೆಚ್ಚವನ್ನು ಹೆಚ್ಚುವರಿ ಪ್ರಯೋಜನದಿಂದ ಭಾಗಿಸಿದರೆ ಬರುವ ಅನುಪಾತವೇ ವರದಿಯ ಕೊನೆಯ ಪುಟದ ಅಂಕಿ. ಆದ್ದರಿಂದ ಎಲ್ಲವೂ ‘ಈಗ ಕೊಡುತ್ತಿರುವ ಚಿಕಿತ್ಸೆ’ ಎಂದು ವರದಿ ಯಾವುದನ್ನು ಕರೆದಿದೆ ಎಂಬುದರ ಮೇಲೆ ನಿಂತಿದೆ. ವರದಿ ತೆರೆದ ಕೂಡಲೇ ಒಂದು ಹಾಳೆಯ ಮೇಲೆ ನಾಲ್ಕು ವಿಷಯಗಳನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ: ರೋಗಿಗಳು ಯಾರು, ಹೊಸ ಚಿಕಿತ್ಸೆ ಯಾವುದು, ಅದನ್ನು ಯಾವುದಕ್ಕೆ ಹೋಲಿಸಲಾಗಿದೆ, ಯಾವ ಫಲಿತಾಂಶವನ್ನು ಅಳೆಯಲಾಗಿದೆ. ನಾಲ್ಕರಲ್ಲಿ ಯಾವುದಾದರೂ ಒಂದನ್ನು ವರದಿ ಓದಿಯೂ ಬರೆಯಲಾಗದಿದ್ದರೆ ಮುಂದಿನ ಪುಟಗಳಿಗೆ ಹೋಗದೆ ಸ್ಪಷ್ಟೀಕರಣ ಕೇಳಿ ಹಿಂದಿರುಗಿಸುವುದು ಒಳ್ಳೆಯದು.

ಹೋಲಿಕೆಯಿಂದ ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. ಈಗಿರುವ ಚಿಕಿತ್ಸೆಗೆ ಒಬ್ಬ ರೋಗಿಗೆ ಒಟ್ಟು 60,000 ರೂಪಾಯಿ ತಗಲುತ್ತದೆ, ಹೊಸದಕ್ಕೆ 1,80,000 ರೂಪಾಯಿ ಎಂದುಕೊಳ್ಳಿ. ಈಗಿರುವ ಚಿಕಿತ್ಸೆಯಿಂದ 2.4 ಆರೋಗ್ಯಕರ ವರ್ಷಗಳು ಸಿಗುತ್ತವೆ, ಹೊಸದರಿಂದ 3.15 ವರ್ಷಗಳು. (ಈ ‘ಆರೋಗ್ಯಕರ ವರ್ಷ’ ಎಂದರೇನು ಎಂಬುದನ್ನು ಮುಂದಿನ ಹೆಜ್ಜೆಯಲ್ಲಿ ಬಿಡಿಸುತ್ತೇನೆ.) ಹೆಚ್ಚುವರಿ ಖರ್ಚು 1,20,000 ರೂಪಾಯಿ, ಹೆಚ್ಚುವರಿ ಲಾಭ 0.75 ವರ್ಷ, ಭಾಗಿಸಿದರೆ ಒಂದು ಆರೋಗ್ಯಕರ ವರ್ಷಕ್ಕೆ 1,60,000 ರೂಪಾಯಿ. ಈಗ ಇದೇ ಔಷಧವನ್ನು ‘ಯಾವ ಚಿಕಿತ್ಸೆಯೂ ಇಲ್ಲ’ ಎಂಬ ಸ್ಥಿತಿಗೆ ಹೋಲಿಸಿ. ಚಿಕಿತ್ಸೆಯಿಲ್ಲದ ರೋಗಿಗೆ ನೋವು ನಿವಾರಣೆ ಮುಂತಾದವುಗಳಿಗೆ 10,000 ರೂಪಾಯಿ ಖರ್ಚಾಗಿ ಒಂದೇ ಆರೋಗ್ಯಕರ ವರ್ಷ ಸಿಗುತ್ತದೆ ಎಂದಾದರೆ, ಹೆಚ್ಚುವರಿ 1,70,000 ರೂಪಾಯಿಗೆ 2.15 ವರ್ಷಗಳ ಲಾಭ ಕಾಣುತ್ತದೆ. ಅನುಪಾತ ಸುಮಾರು 79,000 ರೂಪಾಯಿಗೆ ಇಳಿಯುತ್ತದೆ. ಔಷಧದ ಬೆಲೆ ಒಂದು ಪೈಸೆಯೂ ಕಡಿಮೆಯಾಗಲಿಲ್ಲ, ರೋಗಿಗೆ ಒಂದು ದಿನವೂ ಹೆಚ್ಚು ಸಿಗಲಿಲ್ಲ. ಆದರೂ ಕೊನೆಯ ಪುಟದ ಅಂಕಿ ಅರ್ಧವಾಯಿತು. ಒಮ್ಮೆ ನನ್ನ ಕೈಗೆ ಬಂದ ಕಂಪನಿ ವರದಿಯೊಂದರಲ್ಲಿ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ದಿನವೂ ಕೊಡುತ್ತಿದ್ದ ಅಗ್ಗದ ಮಾತ್ರೆಯ ಹೆಸರೇ ಇರಲಿಲ್ಲ. ಅದನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿಸಿದಾಗ ಅನುಪಾತ ದುಪ್ಪಟ್ಟಿಗಿಂತ ಹೆಚ್ಚಾಯಿತು.

ಹೋಲಿಕೆಯನ್ನು ಸರಿಯಾಗಿ ಆರಿಸಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಅಧ್ಯಯನ ಒಳ್ಳೆಯ ನಿದರ್ಶನ. ಪೊರೆ ತೆಗೆದು ಕೃತಕ ಮಸೂರ ಕೂರಿಸಲು ಎರಡು ಮುಖ್ಯ ವಿಧಾನಗಳಿವೆ. ಫೇಕೋ ಎಂಬ ವಿಧಾನದಲ್ಲಿ ಎರಡು-ಮೂರು ಮಿಲಿಮೀಟರಿನ ಗಾಯ ಮಾಡಿ, ಯಂತ್ರದಿಂದ ಪೊರೆಯನ್ನು ಒಡೆದು ಹೀರಿ, ಮಡಚಬಲ್ಲ ಮಸೂರವನ್ನು ಒಳಗೆ ತೂರಿಸುತ್ತಾರೆ. ಇನ್ನೊಂದು ವಿಧಾನದಲ್ಲಿ ಆರು ಮಿಲಿಮೀಟರಿನ ಆಸುಪಾಸಿನ, ಹೊಲಿಗೆ ಬೇಡದ ಗಾಯದ ಮೂಲಕ ಕೈಯಿಂದಲೇ ಪೊರೆ ತೆಗೆದು ಗಟ್ಟಿ ಮಸೂರ ಕೂರಿಸುತ್ತಾರೆ. ಎಚ್‌ಟಿಎ ಇಂಡಿಯಾದ ಆರಂಭದ ಅಧ್ಯಯನಗಳಲ್ಲೊಂದು ಈ ವಿಧಾನಗಳನ್ನೂ ಮಸೂರಗಳನ್ನೂ ಜೋಡಿಸಿ ಹೋಲಿಸಿ, ಸರ್ಕಾರಿ ಕಾರ್ಯಕ್ರಮಕ್ಕೆ ಕೈಯಿಂದ ಮಾಡುವ ಸಣ್ಣ ಗಾಯದ ವಿಧಾನ ಮತ್ತು ಗಟ್ಟಿ ಮಸೂರವೇ ಹೆಚ್ಚು ಸೂಕ್ತ ಎಂದು ಹೇಳಿತು. ದೃಷ್ಟಿ ಮರಳುವುದರಲ್ಲಿ ಎರಡರ ನಡುವೆ ದೊಡ್ಡ ಅಂತರವಿಲ್ಲ; ಯಂತ್ರದ ಬೆಲೆ, ಅದರ ನಿರ್ವಹಣೆ, ತರಬೇತಿ ಎಲ್ಲವೂ ಸೇರಿದಾಗ ಖರ್ಚಿನಲ್ಲಿ ಮಾತ್ರ ಅಂತರವಿದೆ. ಹಸಿರು ಪಟ್ಟಿ ಕಟ್ಟಿಕೊಂಡು ನೇತ್ರ ಶಿಬಿರದ ಬೆಂಚಿನ ಮೇಲೆ ಸಾಲಾಗಿ ಕುಳಿತ ಅಜ್ಜ-ಅಜ್ಜಿಯರನ್ನು ನೋಡಿದವರಿಗೆ ಈ ತೀರ್ಮಾನದ ಅರ್ಥ ತಾನಾಗಿಯೇ ತಿಳಿಯುತ್ತದೆ: ಅದೇ ಹಣದಲ್ಲಿ ಆ ಬೆಂಚು ಇನ್ನಷ್ಟು ಉದ್ದವಾಗುತ್ತದೆ.

ಎರಡನೆಯ ಹೆಜ್ಜೆ: ‘ಆರೋಗ್ಯಕರ ವರ್ಷ’ವನ್ನು ಹೇಗೆ ಅಳೆದಿದ್ದಾರೆ ನೋಡಿ

ನಾನು ‘ಆರೋಗ್ಯಕರ ವರ್ಷ’ ಎಂದದ್ದಕ್ಕೆ ವರದಿಗಳಲ್ಲಿ ‘ಕ್ವಾಲಿ’ ಎಂಬ ಹೆಸರಿದೆ. ಬದುಕಿದ ವರ್ಷಗಳನ್ನು ಆ ವರ್ಷಗಳ ಗುಣಮಟ್ಟದಿಂದ ಗುಣಿಸಿದರೆ ಸಿಗುವ ಸಂಖ್ಯೆ ಅದು. ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0. ಮೇಲಿನ ಲೆಕ್ಕದಲ್ಲಿ ಈಗಿರುವ ಚಿಕಿತ್ಸೆ ಪಡೆದವರು 4 ವರ್ಷಗಳನ್ನು 0.6 ಗುಣಮಟ್ಟದಲ್ಲಿ ಬದುಕಿದ್ದರಿಂದ 2.4 ಬಂತು, ಹೊಸ ಔಷಧ ಪಡೆದವರು 4.5 ವರ್ಷಗಳನ್ನು 0.7ರಲ್ಲಿ ಬದುಕಿದ್ದರಿಂದ 3.15 ಬಂತು.

ಈ 0.6, 0.7 ಎಲ್ಲಿಂದ ಬರುತ್ತವೆ? ಹೆಚ್ಚಾಗಿ ‘ಇಕ್ಯೂ-5ಡಿ’ ಎಂಬ ಪ್ರಶ್ನಾವಳಿಯಿಂದ. ಒಂದೇ ಪುಟದ ಆ ಹಾಳೆಯಲ್ಲಿ ಐದು ವಿಷಯಗಳಿವೆ: ಓಡಾಟ, ಸ್ನಾನ-ಬಟ್ಟೆಯಂಥ ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ. ಪ್ರತಿಯೊಂದಕ್ಕೂ ‘ಏನೂ ತೊಂದರೆಯಿಲ್ಲ’ ಎಂಬುದರಿಂದ ‘ಸಾಧ್ಯವೇ ಇಲ್ಲ’ ಎಂಬಂಥ ತೀವ್ರ ಸ್ಥಿತಿಯವರೆಗೆ ಐದು ಹಂತಗಳು. ಹೀಗೆ ಒಟ್ಟು 3,125 ಬಗೆಯ ಆರೋಗ್ಯ ಸ್ಥಿತಿಗಳು ಸಾಧ್ಯ. ಪ್ರತಿ ಸ್ಥಿತಿಗೂ ಸಾಮಾನ್ಯ ಜನರು ಎಷ್ಟು ಬೆಲೆ ಕಟ್ಟುತ್ತಾರೆ ಎಂಬುದನ್ನು ಸಮೀಕ್ಷೆಯಿಂದ ಕಂಡುಕೊಂಡು ಅಂಕ ಕೊಡುತ್ತಾರೆ. ಭಾರತದ ಜನರ ಉತ್ತರಗಳಿಂದಲೇ ಸಿದ್ಧವಾದ ಅಂಕಪಟ್ಟಿ ಈಗ ಇರುವುದರಿಂದ, ನಿಮ್ಮ ಮುಂದಿರುವ ವರದಿ ಅದನ್ನು ಬಿಟ್ಟು ಇಂಗ್ಲೆಂಡಿನ ಅಥವಾ ಬೇರೆ ದೇಶದ ಅಂಕಗಳನ್ನು ಬಳಸಿದ್ದರೆ ಕಾರಣ ಕೇಳಿ. ಗದ್ದೆಯಲ್ಲಿ ನಾಟಿ ಮಾಡುವವಳಿಗೆ ಮಂಡಿ ನೋವು ಎಂದರೇನು ಎಂಬುದನ್ನು ಬೇರೊಂದು ದೇಶದ ನಗರವಾಸಿಯ ಉತ್ತರದಿಂದ ಅಳೆಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಅಳತೆಗೆ ಒಂದು ಗಂಭೀರ ಆಕ್ಷೇಪವೂ ಇದೆ. ಹುಟ್ಟಿನಿಂದಲೇ ಅಂಗವೈಕಲ್ಯವಿರುವ ವ್ಯಕ್ತಿಯ ಜೀವ ಉಳಿಸಿದರೂ ಅವರ ವರ್ಷಗಳಿಗೆ ಕಡಿಮೆ ಅಂಕ ಬೀಳುವುದರಿಂದ, ಲೆಕ್ಕದಲ್ಲಿ ಅವರಿಗೆ ಸಿಗುವ ಲಾಭ ಕಡಿಮೆ ಎಂದು ತೋರುತ್ತದೆ. ಈ ಕಾರಣಕ್ಕಾಗಿಯೇ ಅಮೆರಿಕದ 2010ರ ಆರೋಗ್ಯ ಸುಧಾರಣಾ ಕಾನೂನು ಅಲ್ಲಿನ ಸರ್ಕಾರಿ ವಿಮೆಯ ವ್ಯಾಪ್ತಿಯ ತೀರ್ಮಾನಗಳಲ್ಲಿ ಇಂತಹ ಅಳತೆಯ ಬಳಕೆಗೆ ಕಡಿವಾಣ ಹಾಕಿತು. ಅಳತೆಯನ್ನೇ ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಜೀವ ಉಳಿಸುವ ಚಿಕಿತ್ಸೆಗಳ ವಿಷಯದಲ್ಲಿ ಗುಣಮಟ್ಟದ ಅಂಕ ಸೇರಿಸದೆ, ಉಳಿದ ವರ್ಷಗಳನ್ನಷ್ಟೇ ಎಣಿಸಿದ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡುವುದು ಕಡ್ಡಾಯವಾಗಬೇಕು.

ಮೂರನೆಯ ಹೆಜ್ಜೆ: ಅಂಕಿಗಳ ಮೂಲವನ್ನು ಒಂದೊಂದಾಗಿ ಪರಿಶೀಲಿಸಿ

ಇಲ್ಲಿ ಸಮಯ ಕೊಡಿ. ಬೆಲೆಯಿಂದ ಆರಂಭಿಸಿ. ಔಷಧದ ಡಬ್ಬದ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಬೆಲೆಯನ್ನು ವರದಿ ಬಳಸಿದೆಯೇ, ಅಥವಾ ಸರ್ಕಾರ ಟೆಂಡರಿನಲ್ಲಿ ನಿಜವಾಗಿ ಕೊಡುವ ಬೆಲೆಯನ್ನೇ? ಎರಡರ ನಡುವೆ ಅಜಗಜಾಂತರವಿರಬಹುದು. ರಾಜ್ಯದ ಯೋಜನೆಗಾಗಿ ಮಾಡುವ ತೀರ್ಮಾನದಲ್ಲಿ ರಾಜ್ಯದ ಔಷಧ ಖರೀದಿ ನಿಗಮದ ದರಪಟ್ಟಿಯನ್ನು ಎದುರಿಗಿಟ್ಟುಕೊಂಡೇ ಕೂರಬೇಕು. ಆಸ್ಪತ್ರೆಯ ಹಾಸಿಗೆ, ಶುಶ್ರೂಷೆ, ಪ್ರಯೋಗಾಲಯ ಇವುಗಳ ವೆಚ್ಚಕ್ಕೆ ಖಾಸಗಿ ಆಸ್ಪತ್ರೆಯ ಬಿಲ್ಲನ್ನು ಆಧಾರವಾಗಿಟ್ಟುಕೊಂಡಿದ್ದರೆ ಅದನ್ನೂ ಪ್ರಶ್ನಿಸಿ. ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯ ತಂಡ ದೇಶದ ಆಸ್ಪತ್ರೆಗಳ ನಿಜವಾದ ವೆಚ್ಚಗಳನ್ನು ಅಳೆದು ಕಟ್ಟಿರುವ ದತ್ತಾಂಶ ಕೋಶ ಇದಕ್ಕೆ ಹೆಚ್ಚು ಭರವಸೆಯ ಮೂಲ.

ಮುಂದೆ, ಯಾರ ಜೇಬಿನ ಖರ್ಚನ್ನು ಎಣಿಸಿದ್ದಾರೆ ಎಂಬುದು. ಸರ್ಕಾರದ ಖರ್ಚನ್ನು ಮಾತ್ರ ಎಣಿಸಿದ ವರದಿಯಲ್ಲಿ ರೋಗಿಯ ಬಸ್ ಚಾರ್ಜು, ಜೊತೆಗೆ ಬಂದವರ ಕೂಲಿ ನಷ್ಟ, ಹೊರಗಿನ ಅಂಗಡಿಯಿಂದ ತಂದ ಸಿರಿಂಜು ಇವು ಯಾವುವೂ ಕಾಣುವುದಿಲ್ಲ. ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್‌ಗೆ ತಾಲ್ಲೂಕು ಆಸ್ಪತ್ರೆಗೆ ಬಂದು ಹೋಗುವ ಕುಟುಂಬಕ್ಕೆ ಚಿಕಿತ್ಸೆ ಉಚಿತವಾಗಿದ್ದರೂ ದಾರಿಯ ಖರ್ಚು ಉಚಿತವಲ್ಲ. ನಮ್ಮಂಥ ದೇಶದಲ್ಲಿ ಈ ಖರ್ಚನ್ನು ಬಿಟ್ಟ ಲೆಕ್ಕ ಅರ್ಧ ಲೆಕ್ಕ.

ಮುಂದೆಂದೋ ಸಿಗುವ ಲಾಭವನ್ನು ಇಂದೇ ಸಿಗುವ ಲಾಭಕ್ಕಿಂತ ಕಡಿಮೆ ಎಂದು ವರದಿಗಳು ಎಣಿಸುತ್ತವೆ; ಹೀಗೆ ಭವಿಷ್ಯದ ಲಾಭಕ್ಕೆ ಕಡಿತ ಹಾಕುವ ದರವನ್ನೂ ನೋಡಿ. ಭಾರತದಲ್ಲಿ ವರ್ಷಕ್ಕೆ ಶೇ 3 ರೂಢಿಯಲ್ಲಿದೆ, ಇಂಗ್ಲೆಂಡಿನಲ್ಲಿ ಶೇ 3.5. ಶೇ 3ರ ಲೆಕ್ಕದಲ್ಲಿ 30 ವರ್ಷಗಳ ನಂತರ ಸಿಗುವ ಒಂದು ಆರೋಗ್ಯಕರ ವರ್ಷದ ಇಂದಿನ ಬೆಲೆ ಸುಮಾರು 0.41 ಮಾತ್ರ. ಹೀಗಾಗಿ ಇಂದು ಖರ್ಚು ಮಾಡಿ ದಶಕಗಳ ನಂತರ ಫಲ ಕೊಡುವ ಲಸಿಕೆಗಳು ಈ ಲೆಕ್ಕದಲ್ಲಿ ಯಾವಾಗಲೂ ಸ್ವಲ್ಪ ಪೆಟ್ಟು ತಿನ್ನುತ್ತವೆ. ಲಸಿಕೆಯ ವರದಿಯಾದರೆ ಕಡಿಮೆ ದರದಲ್ಲೂ ಲೆಕ್ಕ ಮಾಡಿ ತೋರಿಸಲು ಹೇಳಿ.

ನಾಲ್ಕನೆಯ ಹೆಜ್ಜೆ: ‘ಮಿತಿ’ ಎಂಬುದನ್ನು ಅಳತೆಗೋಲಾಗಿ ನೋಡಿ, ಬಾಗಿಲಾಗಿ ನೋಡಬೇಡಿ

ಅನುಪಾತ ಎಷ್ಟಿದ್ದರೆ ಸರಿ? ನೈಸ್ ಸಂಸ್ಥೆ ದೀರ್ಘಕಾಲ ಒಂದು ಕ್ವಾಲಿಗೆ 20,000ದಿಂದ 30,000 ಪೌಂಡ್‌ಗಳ ವ್ಯಾಪ್ತಿಯನ್ನು ಇಟ್ಟುಕೊಂಡಿತ್ತು. ಥಾಯ್ಲೆಂಡ್ 1,60,000 ಬಾಟ್ ಎಂದು ನಿಗದಿಪಡಿಸಿಕೊಂಡಿತು. ನಮ್ಮಲ್ಲಿ ತಲಾವಾರು ಆಂತರಿಕ ಉತ್ಪನ್ನದ ಒಂದು ಪಟ್ಟನ್ನು ಮಿತಿಯಾಗಿ ಬಳಸುವುದು ವಾಡಿಕೆ. ಈಗಿನ ಲೆಕ್ಕದಲ್ಲಿ ಅದು 2 ಲಕ್ಷ ರೂಪಾಯಿಗಿಂತ ಹೆಚ್ಚಾಗುತ್ತದೆ.

ಈ ತಲಾವಾರು ಉತ್ಪನ್ನದ ಸೂತ್ರ 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ್ದ ಆಯೋಗವೊಂದರ ವರದಿಯಿಂದ ಹರಡಿದ್ದು. ಮೂರು ಪಟ್ಟಿನವರೆಗೂ ‘ವೆಚ್ಚಕ್ಕೆ ತಕ್ಕುದು’ ಎಂದು ಆಗ ಹೇಳಲಾಗುತ್ತಿತ್ತು. ಅದನ್ನು ಹಾಗೆ ಯಾಂತ್ರಿಕವಾಗಿ ಬಳಸಬಾರದೆಂದು ಆ ಸಂಸ್ಥೆಯ ತಜ್ಞರೇ 2016ರಲ್ಲಿ ಬರೆದರು. ತೊಡಕು ಇರುವುದು ಇಲ್ಲಿ: ದೇಶದ ಒಟ್ಟು ಉತ್ಪನ್ನಕ್ಕೂ ಆರೋಗ್ಯ ಇಲಾಖೆಯ ಪೆಟ್ಟಿಗೆಯಲ್ಲಿರುವ ಹಣಕ್ಕೂ ನೇರ ಸಂಬಂಧವಿಲ್ಲ. ಪೆಟ್ಟಿಗೆಯಿಂದ ಒಂದು ಕೋಟಿ ತೆಗೆದು ಹೊಸ ಔಷಧಕ್ಕೆ ಕೊಟ್ಟಾಗ, ಅದೇ ಪೆಟ್ಟಿಗೆಯಿಂದ ನಡೆಯುತ್ತಿದ್ದ ಬೇರೆ ಯಾವುದೋ ಸೇವೆಗೆ ಆ ಕೋಟಿ ಇಲ್ಲದಂತಾಗುತ್ತದೆ. ಆ ಸೇವೆಯಿಂದ ಎಷ್ಟು ಆರೋಗ್ಯ ಕಳೆದುಹೋಯಿತು ಎಂಬುದೇ ನಿಜವಾದ ಮಿತಿ. ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಗೆ ಈ ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದಾಗ ಅದು ಸುಮಾರು 13,000 ಪೌಂಡ್ ಎಂದು ಕಂಡುಬಂತು. ನೈಸ್ ಇಟ್ಟುಕೊಂಡಿದ್ದ ಮೇಲಿನ ಮಿತಿಯ ಅರ್ಧಕ್ಕಿಂತ ಕಡಿಮೆ. ಅಂದರೆ 30,000 ಪೌಂಡಿನ ಹತ್ತಿರ ಒಪ್ಪಿಗೆ ಪಡೆದ ಪ್ರತಿ ಔಷಧವೂ ತಾನು ಕೊಟ್ಟದ್ದಕ್ಕಿಂತ ಹೆಚ್ಚು ಆರೋಗ್ಯವನ್ನು ಬೇರೆಲ್ಲೋ ಕಸಿದುಕೊಂಡಿರಬಹುದು.

ಔಷಧ ಸಿಗದ ರೋಗಿ ಸಮಿತಿಗೆ ಪತ್ರ ಬರೆಯುತ್ತಾನೆ, ಪತ್ರಿಕೆಯಲ್ಲಿ ಅವನ ಭಾವಚಿತ್ರ ಬರುತ್ತದೆ, ಬರಬೇಕಾದದ್ದೇ. ಆದರೆ ಹಣ ಅತ್ತ ಹೋದದ್ದರಿಂದ ರಕ್ತದೊತ್ತಡದ ಮಾತ್ರೆ ಸಿಗದೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬರಿಗೈಯಲ್ಲಿ ಮರಳಿದವಳಿಗೆ ತಾನು ಏನನ್ನು ಕಳೆದುಕೊಂಡೆ ಎಂಬುದೇ ತಿಳಿದಿರುವುದಿಲ್ಲ. ಸಭೆಯ ಕೋಣೆಯಲ್ಲಿ ಅವಳ ಪರವಾಗಿ ಮಾತನಾಡುವ ಕಾಗದ ಈ ವರದಿಯೊಂದೇ. ನಾನು ಈ ಕೆಲಸವನ್ನು ಬಿಡದೆ ಹಿಡಿದುಕೊಂಡಿರುವುದು ಇದಕ್ಕಾಗಿ.

ಐದನೆಯ ಹೆಜ್ಜೆ: ಉತ್ತರ ಎಲ್ಲಿ ಅಲುಗುತ್ತದೆ ಎಂದು ಹುಡುಕಿ

ಔಷಧದ ಪ್ರಯೋಗ ಎರಡು ವರ್ಷ ನಡೆದಿರುತ್ತದೆ ಎಂದುಕೊಳ್ಳಿ. ವರದಿಯ ಲೆಕ್ಕ ರೋಗಿಯ ಇಡೀ ಆಯುಷ್ಯಕ್ಕೆ ಹಬ್ಬಿರುತ್ತದೆ. ಎರಡನೆಯ ವರ್ಷದ ನಂತರದ ಲಾಭವೆಲ್ಲ ಅಂದಾಜು. ಆದ್ದರಿಂದ ವರದಿಯಲ್ಲಿ ‘ಸೂಕ್ಷ್ಮತಾ ವಿಶ್ಲೇಷಣೆ’ ಎಂಬ ಭಾಗವನ್ನು ತೆರೆದು, ಒಂದೊಂದೇ ಅಂಕಿಯನ್ನು ಹಿಂದೆ-ಮುಂದೆ ಮಾಡಿದಾಗ ಅನುಪಾತ ಎಷ್ಟು ಬದಲಾಗುತ್ತದೆ ಎಂಬ ಪಟ್ಟಿ ಅಥವಾ ಪಟ್ಟೆಗಳ ಚಿತ್ರವನ್ನು ನೋಡಿ. ಅನುಪಾತವನ್ನು ಅತಿ ಹೆಚ್ಚು ಬದಲಿಸುವ, ಚಿತ್ರದಲ್ಲಿ ಎಲ್ಲಕ್ಕಿಂತ ಮೇಲಿರುವ ಮೂರು ಪಟ್ಟೆಗಳು ಸಾಕು. ಆ ಮೂರು ಅಂಕಿಗಳಿಗೆ ಆಧಾರವೇನು ಎಂದು ಕೇಳಿದರೆ ಚರ್ಚೆ ನೇರವಾಗಿ ತಿರುಳಿಗೆ ಬರುತ್ತದೆ. ಔಷಧದ ಪರಿಣಾಮ ಪ್ರಯೋಗ ಮುಗಿದ ದಿನವೇ ನಿಂತುಹೋದರೆ ಅನುಪಾತ ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ನಾನಂತೂ ತಪ್ಪದೆ ಕೇಳುತ್ತೇನೆ.

ಇದೇ ಹೆಜ್ಜೆಯಲ್ಲಿ ರೋಗಿಗಳನ್ನು ಗುಂಪುಗಳಾಗಿ ಬಿಡಿಸಿ ನೋಡಬೇಕು. ನಮ್ಮ ಕಲ್ಪಿತ ಔಷಧಕ್ಕೇ ಮರಳೋಣ. ಸರಾಸರಿ ಲಾಭ 0.75 ವರ್ಷ ಎಂದೆವು. ಆದರೆ ಅರ್ಧದಷ್ಟು ರೋಗಿಗಳಿಗೆ ಕಾಯಿಲೆ ಸೌಮ್ಯವಾಗಿದ್ದು ಅವರಿಗೆ ಸಿಗುವ ಲಾಭ 0.2 ಮಾತ್ರ, ಉಳಿದ ಅರ್ಧ ತೀವ್ರ ಕಾಯಿಲೆಯವರಿಗೆ 1.3 ಎಂದಿರಲಿ. ಹೆಚ್ಚುವರಿ ಖರ್ಚು ಇಬ್ಬರಿಗೂ 1,20,000 ರೂಪಾಯಿಯೇ. ಸೌಮ್ಯ ರೋಗಿಗಳಲ್ಲಿ ಅನುಪಾತ 6 ಲಕ್ಷ ರೂಪಾಯಿ, ತೀವ್ರ ರೋಗಿಗಳಲ್ಲಿ ಸುಮಾರು 92,000 ರೂಪಾಯಿ. ‘1,60,000, ಮಿತಿಯೊಳಗಿದೆ’ ಎಂದು ಸರಾಸರಿಯನ್ನು ನೋಡಿ ಷರಾ ಬರೆದವರು, ಅರ್ಧ ಹಣವನ್ನು ಹೆಚ್ಚು ಫಲವಿಲ್ಲದ ಕಡೆ ಸುರಿಯಲು ಒಪ್ಪಿಗೆ ಕೊಟ್ಟಂತಾಯಿತು. ‘ಕೊಡಬೇಕೇ’ ಎಂಬ ಪ್ರಶ್ನೆಗಿಂತ ‘ಯಾರಿಗೆ ಕೊಡಬೇಕು’ ಎಂಬ ಪ್ರಶ್ನೆ ಎಷ್ಟೋ ಸಲ ಹೆಚ್ಚು ಉಪಯುಕ್ತ.

ಆರನೆಯ ಹೆಜ್ಜೆ: ಒಟ್ಟು ಬಿಲ್ ಎಷ್ಟು?

ಅನುಪಾತ ಎಷ್ಟೇ ಚೆನ್ನಾಗಿದ್ದರೂ ಯೋಜನೆಯ ಬೊಕ್ಕಸ ಅದನ್ನು ತಡೆದುಕೊಳ್ಳಬಲ್ಲದೇ ಎಂಬುದು ಬೇರೆಯೇ ಪ್ರಶ್ನೆ. ವರ್ಷಕ್ಕೆ 20,000 ರೋಗಿಗಳು ಎಂದರೆ ನಮ್ಮ ಔಷಧಕ್ಕೆ ಹೆಚ್ಚುವರಿ 240 ಕೋಟಿ ರೂಪಾಯಿ ಬೇಕು. ತೀವ್ರ ರೋಗಿಗಳಿಗೆ ಮಾತ್ರ ಎಂದರೆ 120 ಕೋಟಿ. ಆ 240 ಕೋಟಿಯಿಂದ 15,000 ಆರೋಗ್ಯಕರ ವರ್ಷಗಳು ಸಿಗುತ್ತವೆ. ಒಂದು ಆರೋಗ್ಯಕರ ವರ್ಷಕ್ಕೆ 50,000 ರೂಪಾಯಿ ತಗಲುವ ಬೇರೊಂದು ಕಾರ್ಯಕ್ರಮ ಹಣವಿಲ್ಲದೆ ಅರ್ಧಕ್ಕೆ ನಿಂತಿದ್ದರೆ, ಅದಕ್ಕೆ ಇದೇ ಹಣ ಕೊಟ್ಟಾಗ ಸಿಗುವುದು 48,000 ವರ್ಷಗಳು. ಎರಡು ಸಾಲಿನ ಈ ಹೋಲಿಕೆಯನ್ನು ಸಭೆಯ ಟಿಪ್ಪಣಿಯಲ್ಲಿ ಬರೆದಿಡಿ. ರೋಗಿಗಳ ಸಂಖ್ಯೆಯ ಅಂದಾಜನ್ನು ಕಂಪನಿಯ ಮನವಿಯಿಂದ ಎತ್ತಿಕೊಳ್ಳದೆ, ಯೋಜನೆಯ ಹಿಂದಿನ ವರ್ಷಗಳ ಕ್ಲೇಮುಗಳಿಂದ ತೆಗೆಯುವುದು ಸುರಕ್ಷಿತ.

ಏಳನೆಯ ಹೆಜ್ಜೆ: ಲೆಕ್ಕಕ್ಕೆ ಸಿಗದ ಕಾರಣಗಳನ್ನು ಬಹಿರಂಗವಾಗಿ ತೂಗಿ

ಥಾಯ್ಲೆಂಡಿನ ಡಯಾಲಿಸಿಸ್ ತೀರ್ಮಾನ ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದದ್ದು. 2002ರಲ್ಲಿ ಸಾರ್ವತ್ರಿಕ ಆರೋಗ್ಯ ರಕ್ಷಣೆ ಜಾರಿಗೆ ತಂದಾಗ ಆ ದೇಶ ಮೂತ್ರಪಿಂಡ ವೈಫಲ್ಯದ ಚಿಕಿತ್ಸೆಯನ್ನು ದುಬಾರಿಯೆಂದು ಹೊರಗಿಟ್ಟಿತ್ತು. ಅಧ್ಯಯನ ನಡೆದಾಗ, ರಕ್ತದ ಡಯಾಲಿಸಿಸ್ ಆಗಲಿ ಹೊಟ್ಟೆಯ ಪೊರೆಯ ಮೂಲಕ ಮಾಡುವ ಡಯಾಲಿಸಿಸ್ ಆಗಲಿ ಯಾವುದೂ ಮಿತಿಯ ಹತ್ತಿರಕ್ಕೂ ಬರಲಿಲ್ಲ. ಅನುಪಾತ ಮಿತಿಯ ಹಲವು ಪಟ್ಟಾಗಿತ್ತು. ಆದರೂ 2008ರಲ್ಲಿ ಸರ್ಕಾರ ಅದನ್ನು ಸೇರಿಸಿತು. ಮನೆ-ಜಮೀನು ಮಾರಿ ಕುಟುಂಬಗಳು ಬೀದಿಗೆ ಬೀಳುತ್ತಿದ್ದುದು ಒಂದು ಕಾರಣ. ಅಲ್ಲಿನ ನೌಕರರ ವಿಮಾ ಯೋಜನೆಗಳಲ್ಲಿದ್ದವರಿಗೆ ಸಿಗುತ್ತಿದ್ದ ಚಿಕಿತ್ಸೆ ಬಡವರಿಗೆ ಮಾತ್ರ ಇಲ್ಲವೆಂಬುದು ಇನ್ನೊಂದು. ಹಾಗೆಂದು ವರದಿಯನ್ನು ಕಸದ ಬುಟ್ಟಿಗೆ ಎಸೆಯಲಿಲ್ಲ. ಎರಡು ವಿಧಾನಗಳಲ್ಲಿ ಕಡಿಮೆ ವೆಚ್ಚದ, ಮನೆಯಲ್ಲೇ ಮಾಡಿಕೊಳ್ಳಬಹುದಾದ ಹೊಟ್ಟೆಯ ಡಯಾಲಿಸಿಸ್ ಮೊದಲು ಎಂಬ ನಿಯಮ ಮಾಡಿದರು. ಸಲಕರಣೆ ಮತ್ತು ದ್ರವದ ಚೀಲಗಳನ್ನು ರೋಗಿಯ ಮನೆ ಬಾಗಿಲಿಗೆ ತಲುಪಿಸುವ ವ್ಯವಸ್ಥೆ ಕಟ್ಟಿದರು.

ವರದಿ ‘ಬೇಡ’ ಎಂದಾಗಲೂ ‘ಬೇಕು’ ಎನ್ನಬಹುದು. ಆದರೆ ಯಾವ ಕಾರಣಕ್ಕೆ, ಎಷ್ಟು ಹೆಚ್ಚು ಬೆಲೆ ತೆತ್ತು ಎಂಬುದನ್ನು ತಿಳಿದೇ ಹೇಳಬೇಕು. ಕುಟುಂಬ ಸಾಲದ ಕೂಪಕ್ಕೆ ಬೀಳುವ ಅಪಾಯ, ಬೇರೆ ಚಿಕಿತ್ಸೆಯೇ ಇಲ್ಲದ ಅಪರೂಪದ ಕಾಯಿಲೆ, ಕಾಯಿಲೆಯ ತೀವ್ರತೆ, ಬಡವರಿಗೂ ಹಿಂದುಳಿದ ಜಿಲ್ಲೆಗಳಿಗೂ ತಲುಪುವಿಕೆ ಇವು ನ್ಯಾಯವಾದ ಕಾರಣಗಳು. ತಜ್ಞರೊಬ್ಬರ ಒತ್ತಾಯ ಅಥವಾ ನೆರೆ ರಾಜ್ಯ ಈಗಾಗಲೇ ಸೇರಿಸಿದೆ ಎಂಬುದು ನ್ಯಾಯವಾದ ಕಾರಣವಲ್ಲ.

ಎಂಟನೆಯ ಹೆಜ್ಜೆ: ಬೆಲೆಯನ್ನು ಮಾತನಾಡಿ

ನನ್ನ ಪ್ರಕಾರ ಇಡೀ ಕ್ರಮದಲ್ಲಿ ಇದು ಅತ್ಯಂತ ಮುಖ್ಯವಾದ ಹೆಜ್ಜೆ. ನಮ್ಮಲ್ಲಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿರುವುದೂ ಇದೇ. ಔಷಧದ ಗುಣ ಬದಲಾಗುವುದಿಲ್ಲ, ಬೆಲೆ ಬದಲಾಗುತ್ತದೆ. ಹೆಪಟೈಟಿಸ್ ಸಿ ಗುಣಪಡಿಸುವ ಸೊಫೊಸ್ಬುವಿರ್ 2013ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಾಗ 12 ವಾರಗಳ ಚಿಕಿತ್ಸೆಗೆ 84,000 ಡಾಲರ್ ಇತ್ತು. 2014ರಲ್ಲಿ ಭಾರತದ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ದೊರೆತ ಮೇಲೆ ಇಲ್ಲಿ ಅದು ಆ ಬೆಲೆಯ ಒಂದು ಸಣ್ಣ ತುಣುಕಿಗೆ ಸಿಗತೊಡಗಿತು, 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆ ಉಚಿತವಾಯಿತು. ಹೃದಯದ ಸ್ಟೆಂಟ್ ಕೂಡ ಹಾಗೆಯೇ: ಲಕ್ಷ ರೂಪಾಯಿ ದಾಟುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ 29,600 ರೂಪಾಯಿಯ ಮಿತಿ ಬಿತ್ತು. ಹಳೆಯ ಬೆಲೆಯಲ್ಲಿ ಬರೆದ ವರದಿಯ ತೀರ್ಮಾನ ಹೊಸ ಬೆಲೆಗೆ ಹೊಂದುವುದೇ ಇಲ್ಲ.

ಆದ್ದರಿಂದ ಲೆಕ್ಕವನ್ನು ತಿರುಗಿಸಿ ಹಾಕಿಸಿ. ‘ಈ ಬೆಲೆಗೆ ಅನುಪಾತವೆಷ್ಟು’ ಎಂದು ಕೇಳುವ ಬದಲು ‘ನಮ್ಮ ಮಿತಿಗೆ ಹೊಂದಬೇಕಾದರೆ ಬೆಲೆ ಎಷ್ಟಿರಬೇಕು’ ಎಂದು ಕೇಳಿ. ನಮ್ಮ ಕಲ್ಪಿತ ಔಷಧದಲ್ಲಿ ಒಂದು ಆರೋಗ್ಯಕರ ವರ್ಷಕ್ಕೆ 1 ಲಕ್ಷ ರೂಪಾಯಿ ಮಾತ್ರ ಕೊಡಲು ಸಾಧ್ಯವೆಂದಾದರೆ, 0.75 ವರ್ಷದ ಲಾಭಕ್ಕೆ ಹೆಚ್ಚೆಂದರೆ 75,000 ರೂಪಾಯಿ ಹೆಚ್ಚುವರಿಯಾಗಿ ಕೊಡಬಹುದು; ಅಂದರೆ ಚಿಕಿತ್ಸೆಯ ಒಟ್ಟು ವೆಚ್ಚ 1,80,000ದಿಂದ 1,35,000 ರೂಪಾಯಿಗೆ ಇಳಿಯಬೇಕು. ಈ ಒಂದು ಅಂಕಿಯನ್ನು ಹಿಡಿದುಕೊಂಡು ಮಾತುಕತೆಗೆ ಕೂತ ಅಧಿಕಾರಿಯ ಕೈ ಬಲವಾಗಿರುತ್ತದೆ. ಥಾಯ್ಲೆಂಡಿನಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ ಹೀಗೇ ಆಯಿತು. ಆರಂಭದ ಬೆಲೆಗೆ ಅದು ತಕ್ಕುದಲ್ಲ, ಅದಕ್ಕಿಂತ ತಪಾಸಣೆಯನ್ನು ಹೆಚ್ಚಿಸುವುದು ಮೇಲು ಎಂದು ಅಧ್ಯಯನ ಹೇಳಿತು. ಬೆಲೆ ಇಳಿಯುವವರೆಗೆ ಕಾದು, 2017ರಲ್ಲಿ ಐದನೆಯ ತರಗತಿಯ ಬಾಲಕಿಯರಿಗೆ ದೇಶದಾದ್ಯಂತ ಕೊಡಲು ಆರಂಭಿಸಿದರು. ಕಾದ ವರ್ಷಗಳಲ್ಲಿ ಲಸಿಕೆ ಸಿಗದೆ ಬೆಳೆದ ಹುಡುಗಿಯರ ಲೆಕ್ಕವೂ ಇದೆ ಎಂಬುದನ್ನು ಮರೆಯಬಾರದು. ಚೌಕಾಸಿಗೆ ಕಾಲದ ಗಡುವು ಇರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಪುರಾವೆ ಅರೆಬರೆಯಾಗಿದ್ದು ಅಗತ್ಯ ಹೆಚ್ಚಿದ್ದಾಗ ಷರತ್ತಿನ ಒಪ್ಪಿಗೆ, ಅಂದರೆ ಮಾಹಿತಿ ಕಲೆಹಾಕುವ ಷರತ್ತಿನ ಮೇಲೆ ಕೆಲ ಕಾಲ ಹಣ ಕೊಡುವುದು, ಒಂದು ದಾರಿ. ಇದರಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಕ್ಯಾನ್ಸರ್ ಔಷಧ ನಿಧಿಯೇ ಸಾಕ್ಷಿ. 2016ರ ಸುಧಾರಣೆಗೆ ಮೊದಲು ಅದರಲ್ಲಿ ನೂರು ಕೋಟಿ ಪೌಂಡಿಗೂ ಹೆಚ್ಚು ಖರ್ಚಾಯಿತು. ಆದರೆ ಔಷಧ ಪಡೆದ ರೋಗಿಗಳಿಗೆ ಏನಾಯಿತು ಎಂಬ ದಾಖಲೆಯನ್ನು ಸರಿಯಾಗಿ ಇಡಲಿಲ್ಲವಾದ್ದರಿಂದ ಅಷ್ಟು ಹಣದಿಂದ ಕಲಿತದ್ದು ಬಹಳ ಕಡಿಮೆ. ಆದ್ದರಿಂದ ಷರತ್ತಿನ ಒಪ್ಪಿಗೆ ಕೊಡುವುದಾದರೆ ಯಾವ ಮಾಹಿತಿಯನ್ನು, ಯಾರು, ಯಾವ ನಮೂನೆಯಲ್ಲಿ ದಾಖಲಿಸಬೇಕು, ಫಲ ಕಾಣದಿದ್ದರೆ ಯಾವ ದಿನ ಹಣ ನಿಲ್ಲುತ್ತದೆ ಎಂಬುದು ಆದೇಶದಲ್ಲೇ ಇರಬೇಕು.

ಒಂಬತ್ತನೆಯ ಹೆಜ್ಜೆ: ಕಾರಣಗಳನ್ನು ಕನ್ನಡದಲ್ಲಿ ಬರೆದು ಪ್ರಕಟಿಸಿ

ತೀರ್ಮಾನದ ಟಿಪ್ಪಣಿ ಎರಡು ಪುಟ ಮೀರಬೇಕಾಗಿಲ್ಲ. ಯಾವುದಕ್ಕೆ ಹೋಲಿಸಲಾಯಿತು, ಅನುಪಾತ ಎಷ್ಟು, ಎಲ್ಲಿ ಅನಿಶ್ಚಯವಿದೆ, ಬೊಕ್ಕಸದ ಮೇಲಿನ ಹೊರೆ ಎಷ್ಟು, ಲೆಕ್ಕದಾಚೆಗಿನ ಯಾವ ಕಾರಣಗಳಿಗೆ ತೂಕ ಕೊಡಲಾಯಿತು, ಯಾವ ಸದಸ್ಯರಿಗೆ ಕಂಪನಿಗಳೊಂದಿಗೆ ಸಂಬಂಧವಿತ್ತು ಇಷ್ಟೂ ಅದರಲ್ಲಿರಲಿ. ನಿರಾಕರಿಸಿದ್ದರೆ, ಏನು ಬದಲಾದರೆ ಮತ್ತೆ ಪರಿಗಣಿಸುತ್ತೇವೆ ಎಂಬುದನ್ನೂ ಬರೆಯಿರಿ. ರೋಗಿಗಳ ಸಂಘಟನೆಗೆ ಮೇಲ್ಮನವಿಯ ದಾರಿ ತೆರೆದಿರಲಿ. ರಾಜ್ಯದ ಯೋಜನೆಯ ತೀರ್ಮಾನ ಇಂಗ್ಲಿಷಿನ ಟಿಪ್ಪಣಿಯಾಗಿ ಕಡತದೊಳಗೇ ಉಳಿದರೆ, ಆ ತೀರ್ಮಾನದಿಂದ ಬದುಕು ಬದಲಾಗುವ ವ್ಯಕ್ತಿಗೆ ಅದು ತಲುಪುವುದೇ ಇಲ್ಲ.

ಕೊನೆಯ ಸಾಲಿನಲ್ಲಿ ಮರುಪರಿಶೀಲನೆಯ ದಿನಾಂಕ ಬರೆಯಿರಿ. ಎರಡು ವರ್ಷ, ಅಥವಾ ಔಷಧದ ಪೇಟೆಂಟ್ ಮುಗಿಯುವ ದಿನ, ಇವುಗಳಲ್ಲಿ ಯಾವುದು ಮೊದಲೋ ಅದು. ಆ ದಿನ ಕಡತವನ್ನು ಮತ್ತೆ ಮೇಜಿಗೆ ತರಬೇಕಾದ ಅಧಿಕಾರಿಯ ಹುದ್ದೆಯ ಹೆಸರನ್ನೂ ಅದರ ಪಕ್ಕದಲ್ಲೇ ನಮೂದಿಸಿ ಸಹಿ ಮಾಡಿ.